ಕರುವಿಗೆ ಗಿಣ್ಣು, ಕೂಸಿಗೆ ಜೇನು

ತೀರ್ಥಹಳ್ಳಿ, ಸಾಗರ, ಹೊಸನಗರ, ಮೂರೂ ತಾಲೂಕಲ್ಲಿ ಹೆರಿಗೆ ನರ್ಸಾಗಿ ತಿರುಗಿದವಳು ನಾನು. ಬಾಣಂತಿ ಕೋಣೆಗೆ ಹೋಗಿ ನಗದೆ ವಾಪಸು ಬಂದದ್ದಿಲ್ಲ, ಬೆರಗಾಗದೆ ಬಂದದ್ದೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ, ಹೊಸನಗರದ ಹತ್ತಿರ ಗೇಣಿ ಮಾಡುವವರ ಮನೆಯೊಂದರಲ್ಲಿ ನಡೆದದ್ದು ಮಾತ್ರ ಇವತ್ತಿಗೂ ಮರೆತಿಲ್ಲ.

ಮೊದಲ ಹಾಲು

ಆ ಮನೆ ಸೊಸೆಗೆ ಹಿಂದೆ ಹುಟ್ಟಿದ ಎರಡು ಕೂಸು ಕೈಗೆ ದಕ್ಕಿರಲಿಲ್ಲ. ಈ ಸಲದ್ದು ಅಂಗೈ ಅಗಲದ್ದು. ಹೆರಿಗೆಯ ಮಾರನೇ ದಿನ ನಾನು ಹೋದಾಗ ಅತ್ತೆ ಜೇನಿನ ಬಟ್ಟಲು ಹಿಡಿದು ಕೂತಿದ್ದರು.

"ಮೊದಲ ಹಾಲು ನಂಜು. ಹಿಂಡಿ ಚೆಲ್ಲೋದು. ಒಳ್ಳೇ ಹಾಲು ಬರೋವರೆಗೆ ಜೇನು ನೆಕ್ಸೋದು" ಅಂದರು.

ಕೊಟ್ಟಿಗೆಯಲ್ಲಿ ಹಸುವೂ ಅದೇ ವಾರ ಕರು ಹಾಕಿತ್ತು. "ಅಮ್ಮಾ, ಅದರ ಮೊದಲ ಹಾಲನ್ನೂ ಚೆಲ್ಲಿದ್ರಾ?" ಅಂದೆ.

"ಹುಚ್ಚಾ ನಿಮ್ಗೆ? ಕರು ಹೊಟ್ಟೆ ತುಂಬ ಕುಡಿದ ಮೇಲೇ ನಾವು ಗಿಣ್ಣು ಮಾಡೋದು. ಆ ಹಾಲು ಕುಡೀದಿದ್ರೆ ಕರು ಉಳೀತದಾ?"

ಹಾಗಂದವರು ಕೊಟ್ಟಿಗೆ ಕಡೆ ನೋಡಿದರು, ಕೂಸಿನ ಕಡೆ ನೋಡಿದರು. ಆಮೇಲೆ ಕೂಸನ್ನು ಎತ್ತಿ ತಾಯಿಯ ಎದೆಗೆ ಕೊಟ್ಟು, ಸೊಸೆಗೇ ಗದರಿದರು: "ನೀನಾದ್ರೂ ಹೇಳ್ಬಾರ್ದಾ."

ಬಾಣಂತಿಗೆ ನೀರು

ಮುಂದಿನ ವಾರ ಹೋದರೆ ಕೂಸಿಗೆ ಹಾಲು ಸಾಲುತ್ತಿಲ್ಲ. ನೀರು ಕುಡಿದರೆ ಬಾಣಂತಿಗೆ ಶೀತ ಅಂತ ಅತ್ತೆ ಗುಟುಕು ಲೆಕ್ಕದಲ್ಲಿ ಕೊಡುತ್ತಿದ್ದರು. ನಾನು ಕೊಟ್ಟಿಗೆಯಲ್ಲಿ ಹಸು ನೀರು ಕುಡಿಯುವ ಬಾನಿ ಕಡೆ ಕೈ ತೋರಿಸಿದೆ. ಅಷ್ಟೇ ಸಾಕಾಯಿತು.

ಮತ್ತೆ ಹೋದಾಗ ಸೊಸೆ ಸೆರಗಲ್ಲಿ ನಗು ಮುಚ್ಚಿಕೊಂಡು ನನ್ನ ಕೈ ಹಿಡಿದಳು. "ನರ್ಸಮ್ಮ, ದಮ್ಮಯ್ಯ, ಇನ್ನು ಹಸು ಸುದ್ದಿ ಎತ್ತಬೇಡಿ. ನಿನ್ನೆ ಹಸೂಗೆ ಹಾಕೋ ಹತ್ತಿಕಾಳು ರುಬ್ಬಿ ನಂಗೆ ಕುಡಿಸೋಕೆ ತಂದಿದ್ರು."

ತೊಟ್ಟಿಲ ದಿನ

ಬರೀ ತಾಯಿ ಹಾಲಲ್ಲೇ ಆ ಕೂಸಿನ ಕೆನ್ನೆ ತುಂಬಿತು, ತೊಡೆಯಲ್ಲಿ ಮಡಿಕೆ ಬಿತ್ತು. ಔಷಧಿ ಪೆಟ್ಟಿಗೆ ಹೊತ್ತು ತಿರುಗುವ ನಾನು ನೋಡುತ್ತಾ ನಿಂತುಬಿಡುತ್ತಿದ್ದೆ. ಎಂಥಾ ಸೋಜಿಗ ಮಾರಾಯ್ರೆ, ತಾಯಿ ಉಂಡದ್ದು ಅನ್ನ, ಮೆಣಸಿನ ಸಾರು. ಅದರಿಂದ ಒಂದು ಜೀವ ಉಳಿದು ಬೆಳೆಯಿತು.

ತೊಟ್ಟಿಲಿಗೆ ಹಾಕುವ ದಿನ ಬಂದವರೆಲ್ಲ ಕೂಸಿನ ಬಾಯಿಗೆ ಜೇನು ಮುಟ್ಟಿಸುವುದು ಅಲ್ಲಿಯ ವಾಡಿಕೆ. ಅತ್ತೆ ತೊಟ್ಟಿಲ ಪಕ್ಕ ಕೂತು ಒಬ್ಬೊಬ್ಬರನ್ನೂ ಹಿಂದಕ್ಕೆ ಕಳಿಸುತ್ತಿದ್ದರು. ಕಾರ್ಗಲ್ಲಿನಿಂದ ಹಾಲಿನಪುಡಿ ಡಬ್ಬಿ ತಂದ ಸ್ವಂತ ಮಗಳಿಗೂ "ಅದನ್ನ ನಿಮ್ಮಪ್ಪನ ಕಾಫಿಗೆ ಹಾಕು" ಅಂದರು. ನನಗೆ ಕಣ್ಣು ತುಂಬಿ ಬಂತು.

ಆ ಮಗಳು ಜೇನಿನ ಬಟ್ಟಲು ನನ್ನ ಮುಂದೆ ಹಿಡಿದಳು. "ಕೂಸು ಉಳಿಸಿದೋರು ನೀವು. ನೀವಾದ್ರೂ ಮುಟ್ಸಿ." ಆ ಗುಂಗಿನಲ್ಲೇ ನಾನು ಜೇನಲ್ಲಿ ಬೆರಳದ್ದಿ ತೊಟ್ಟಿಲಿಗೆ ಬಗ್ಗಿದೆ.

ಅತ್ತೆ ಗಬಕ್ಕನೆ ನನ್ನ ಕೈ ಹಿಡಿದು ಆ ಬೆರಳನ್ನು ನನ್ನ ಬಾಯಿಗೇ ತುರುಕಿದರು.

"ಎಂತ ನರ್ಸಮ್ಮ, ನಮ್ಮ ಹಸೂಗೆ ಇರೋವಷ್ಟು ಬುದ್ಧಿನೂ ನಿಮ್ಗೆ ಇಲ್ವಲ್ರೀ."