ಸಂಸ್ಥಾಪಕರ ಸಂದೇಶ ಮತ್ತು ಬಚ್ಚಲಿನ ಬಕೆಟ್

ನಮ್ಮ ಬಚ್ಚಲಿನ ದೊಡ್ಡ ಬಕೆಟ್ಟಿಗೂ ನನಗೂ ಮದುವೆಯಾದಂದಿನಿಂದ ದಾಯಾದಿ ಜಗಳ. ಟವೆಲ್ ಹೆಗಲಿಗೇರಿಸಿ ಒಳಗೆ ಹೋದಾಗಲೆಲ್ಲ ಅದರಲ್ಲಿ ಯಾರದೋ ಪ್ಯಾಂಟು ಮುಳುಗಿಕೊಂಡು ಆರಾಮಾಗಿ ಸ್ನಾನ ಮಾಡುತ್ತಿರುತ್ತದೆ. ನನ್ನ ಹೆಂಡತಿ ಟೈಲರ್. ಊರವರ ಪ್ಯಾಂಟಿಗೆ ಬಕೆಟ್ಟು, ತಾಳಿ ಕಟ್ಟಿದವನಿಗೆ ಚೊಂಬು. ಯಾಕೆ ನೆನೆಸುತ್ತಾಳೆಂದು ನಾನು ಒಮ್ಮೆಯೂ ಕೇಳಿದವನಲ್ಲ; ಗೊಣಗುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಕೆಟ್ ಖಾಲಿ! ಮರುದಿನವೂ ಖಾಲಿ. ನಾನು ಆನೆಯ ಹಾಗೆ ನೀರು ಸುರಿದುಕೊಂಡು, ಹಾಡುತ್ತ ಹೊರಬಂದರೆ, ಹೆಂಡತಿ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಅವಳ ಅಂಗಡಿಯ ಎದುರಿಗೆ ಮೋಡ ಮುಟ್ಟುವಷ್ಟು ಎತ್ತರದ ರೆಡಿಮೇಡ್ ಮಳಿಗೆ ಎದ್ದಿತ್ತು.

"ಯಾರೂ ಬರ್ತಿಲ್ಲ ರೀ. ಮಿಷನ್ ಮಾರಿಬಿಡೋಣ ಅಂತಿದೀನಿ."

ಅವಳ ಗುಡುಗಿಗೆ ನನ್ನ ಕಿವಿ ಪಳಗಿದೆ. ಈ ಮೆತ್ತಗಿನ ದನಿಗೆ ಪಳಗಿಲ್ಲ. ಹಾಡು ನಿಲ್ಲಿಸಿ ಅವಳ ಪಕ್ಕ ಕೂತೆ.

ಉಪಾಯ ಹೇಳಿದವಳು ಸೊಸೆ. "ಮಾವ, ಕಂಟೆಂಟ್ ಮಾರ್ಕೆಟಿಂಗ್ ಮಾಡೋಣ. ಬನ್ನಿ ಬನ್ನಿ ಅಂತ ಕೂಗೋದಲ್ಲ. ಜನಕ್ಕೆ ಉಪಯೋಗ ಆಗೋದನ್ನ ಪುಕ್ಕಟೆ ಹೇಳಿಕೊಡ್ತಾ ಹೋಗೋದು. ನಂಬಿಕೆ ಬಂದ್ಮೇಲೆ ಅವರೇ ಹುಡುಕಿಕೊಂಡು ಬರ್ತಾರೆ."

ಪುಕ್ಕಟೆ ಸಲಹೆ! ಆಯಸ್ಸಿಡೀ ಅದನ್ನೇ ಮಾಡಿಕೊಂಡು ಬಂದವನು ನಾನು. (ನಂಬಿಕೆಯ ಭಾಗ ಮಾತ್ರ ಇನ್ನೂ ಬಂದಿರಲಿಲ್ಲ.)

ಕೂಡಲೇ ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ವಾರದ ಮಹಾಯೋಜನೆ ಬರೆದು ಅಂಗಡಿಯ ಗೋಡೆಗೆ ಅಂಟಿಸಿದೆ. ಸೋಮವಾರ ಕತ್ತರಿ ವಿಚಾರ, ಮಂಗಳವಾರ ಗುಂಡಿ ಪುರಾಣ, ಹೀಗೇ ಸಾಗಿ ಭಾನುವಾರ 'ಸಂಸ್ಥಾಪಕರ ಸಂದೇಶ'.

"ಯಾರ್ರೀ ಸಂಸ್ಥಾಪಕರು?" ಎಂದಳು ಹೆಂಡತಿ.

"ನಾನೇ."

"ಈ ಅಂಗಡೀಲಿ ನೀವು ಸ್ಥಾಪಿಸಿರೋದು ಆ ಕುರ್ಚಿ ಒಂದೇ. ಅದರ ಕಾಲೂ ಅಲ್ಲಾಡುತ್ತೆ."

ಮೊದಲ ವಿಷಯವನ್ನು ಸೊಸೆಯೇ ಆರಿಸಿದಳು. "ಎದುರಿನ ಮಳಿಗೆ ಪ್ಯಾಂಟೆಲ್ಲ ಉದ್ದ. ಗಿಡ್ಡ ಮಾಡೋದು ಹೇಗೆ ಅಂತ ಹಾಕೋಣ. ಬರೆದ್ಮೇಲೆ ಅತ್ತೆಗೊಂದ್ಸಲ ತೋರಿಸಿ ಮಾವ."

"ಯಾಕಮ್ಮ? ಅರ್ಧ ಆಯಸ್ಸು ಅವಳೆದುರಿಗೇ ಕೂತು ನೋಡಿಲ್ವಾ!" (ನೋಡಿದ್ದು ಪೇಪರನ್ನು ಎಂಬುದು ಬೇರೆ ಮಾತು.)

ಅಳೆಯಿರಿ, ಕತ್ತರಿಸಿ, ಮಡಿಸಿ, ಹೊಲಿಯಿರಿ. ಈ ನಾಲ್ಕು ಮಾತಿಗೆ ನಾಲ್ಕು ಪುಟದಷ್ಟು ಅಲಂಕಾರ ಹಚ್ಚಿ ಬರೆದು, ಕೆಳಗೆ 'ಸಂಸ್ಥಾಪಕರು' ಎಂದು ಸಹಿ ಹಾಕಿದೆ. ಉದಾಹರಣೆಗೆ ನನ್ನದೇ ಹೊಸ ಪ್ಯಾಂಟನ್ನು ಕತ್ತರಿಸಿ, ಹೊಲಿದು, ತೊಟ್ಟು, ಸೊಂಟಕ್ಕೆ ಕೈಯಿಟ್ಟು ಫೋಟೋ ತೆಗೆಸಿಕೊಂಡೆ. ಸೊಸೆ ಫೋನಿನಲ್ಲಿ ಹಾಕಿದ್ದೇ ತಡ, ಬರಹ ಕಾಡ್ಗಿಚ್ಚಿನಂತೆ ಹಬ್ಬಿತು. ಚಪ್ಪಾಳೆಯ ಚಿತ್ರಗಳು ಸುರಿದ ಭರಕ್ಕೆ ಫೋನು ಮೇಜಿನ ಮೇಲೆ ಕುಣಿಯಿತು. ಅಂಗಡಿಗೆ ಮಾತ್ರ ನೊಣವೂ ಬರಲಿಲ್ಲ.

"ಬರೋದು ಯಾಕೆ? ಮನೇಲೇ ಮಾಡ್ಕೊಳ್ಳೋದು ಕಲಿಸಿದೀರಲ್ಲ," ಎಂದಳು ಹೆಂಡತಿ. ಅಂದು ಮಿಷನ್ನಿಗೆ ಮುಸುಕು ಹಾಕಿದವಳು ಮರುದಿನ ತೆಗೆಯಲೇ ಇಲ್ಲ. ನನಗೆ ಊಟ ರುಚಿಸಲಿಲ್ಲ. (ಎರಡನೇ ಸಲ ಬಡಿಸಿಕೊಂಡಾಗ.)

ಮುಂದಿನ ವಾರ ಒಬ್ಬರು ನುಗ್ಗಿದರು, ಬ್ಯಾಂಕಿನ ಕ್ಯಾಷಿಯರ್. ಪ್ಯಾಂಟು ಅವರ ಮೊಣಕಾಲಿನ ಸ್ವಲ್ಪ ಕೆಳಗೆ ಬಂದು ಮುಂದೆ ಇಳಿಯಲು ಧೈರ್ಯ ಸಾಲದೆ ನಿಂತಿತ್ತು.

"ಸಂಸ್ಥಾಪಕರು ಎಲ್ಲಿ?"

ನಾನು ಪೇಪರಿನ ಹಿಂದೆ ಲೀನನಾದೆ.

"ಕತ್ತರಿಸಿದಾಗ ಸರಿಯಾಗೇ ಇತ್ತಮ್ಮ. ಒಂದು ಒಗೆತಕ್ಕೆ ಹೀಗಾಯ್ತು!"

ಹೆಂಡತಿಯ ಕೈ ಪೇಪರನ್ನು ಕೆಳಗಿಳಿಸಿತು. "ರೀ, ಮೊದಲು ಬಟ್ಟೆ ನೆನೆಸಿ ಒಣಗಿಸಬೇಕು, ಅದು ಕುಗ್ಗಿದ ಮೇಲೇ ಕತ್ತರಿ ಹಾಕಬೇಕು ಅಂತ ಬರೆದಿಲ್ವಾ?"

"ನೆನೆಸೋದಾ? ಅಂಗಡೀಲಿ ನೀನು ಯಾವತ್ತು ನೆನೆಸಿದೀಯ?"

"ಅಂಗಡೀಲಿ ಅಲ್ಲ ರೀ. ಬಚ್ಚಲಲ್ಲಿ!"

ದಾಯಾದಿ ಬಕೆಟ್ ನನ್ನ ಕಣ್ಣ ಮುಂದೆ ವಿಶ್ವರೂಪ ತೋರಿಸಿತು.

ಸಂಜೆಯೊಳಗೆ ಗಿಡ್ಡ ಪ್ಯಾಂಟುಗಳ ಮೆರವಣಿಗೆ ಬೀದಿಯ ತಿರುವು ದಾಟಿತ್ತು. ಹೆಂಡತಿ ಮುಸುಕು ಕಿತ್ತೆಸೆದು ಕೂತಳು. ಹೊಂದುವ ಬಟ್ಟೆಯ ಪಟ್ಟಿಗಳನ್ನು ನೆನೆಸಿ, ಒಣಗಿಸಿ, ಮಾರನೇ ದಿನ ಒಂದೊಂದೇ ಪ್ಯಾಂಟಿನ ತುದಿಗೆ ಅಂದವಾಗಿ ಕೂಡಿಸಿದಳು. ಕ್ಯಾಷಿಯರ್ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು, "ಅಮ್ಮಾ, ಇನ್ನು ಮನೆಯವರೆಲ್ಲರ ಬಟ್ಟೆಯೂ ನಿಮಗೇ. ನಾವಂತೂ ಕತ್ತರಿ ಮುಟ್ಟಲ್ಲ," ಎಂದರು. ಹಿಂದಿದ್ದವರೆಲ್ಲ ತಲೆಯಾಡಿಸಿದರು.

"ನೋಡಿದೆಯಾ, ನಂಬಿಕೆ!" ಎಂದೆ ಸೊಸೆಗೆ, ಪೇಪರಿನಿಂದ ಹೊರಬಂದು. "ಆದರೂ ನನ್ನಿಂದ ತಪ್ಪಾಯ್ತು, ಇನ್ನು ಬರೆಯಲ್ಲ."

"ಅಯ್ಯೋ, ಬಿಡಬೇಡಿ ರೀ!" ಎಂದಳು ಹೆಂಡತಿ, ಬಾಯಲ್ಲಿ ದಾರ ಕಚ್ಚಿಕೊಂಡು. "ಬರೀತಾನೇ ಇರಿ. ನನ್ನನ್ನ ಮಾತ್ರ ಏನೂ ಕೇಳಬೇಡಿ."

"ಅತ್ತೇ! ಈ ಸಲ ಸರಿಯಾದ್ದನ್ನೇ ಹಾಕೋಣ, ನೀವು ಹೇಳಿ, ನಾನು ಬರ್ಕೊಳ್ತೀನಿ," ಎಂದು ನಗುತ್ತ ಸೊಸೆ ಗೋಡೆಯ ಯೋಜನೆಯನ್ನು ತಿದ್ದಿದಳು. ಸೋಮವಾರ: ಅತ್ತೆಯ ಪಾಠ. ಅದರ ಪಕ್ಕದಲ್ಲಿ, 'ಹೀಗೆ ಮಾಡಬೇಡಿ' ಎಂಬ ತಲೆಬರಹದಡಿ, ಸೊಂಟಕ್ಕೆ ಕೈಯಿಟ್ಟ ನನ್ನ ಫೋಟೋ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ದೊಡ್ಡ ಬಕೆಟ್ ತುಂಬಿತ್ತು. ಸಣ್ಣದೂ ತುಂಬಿತ್ತು. ಚೊಂಬಿನಲ್ಲಿ ಕ್ಯಾಷಿಯರ್ ಮಗನ ಚಡ್ಡಿ. ಟವೆಲ್ ಹೊದ್ದು ಅಂಗಡಿಯವರೆಗೂ ಹೋಗಿ ದೂರಿದೆ. ಹೆಂಡತಿ ಮಿಷನ್ ನಿಲ್ಲಿಸದೆ ಗೋಡೆಯ ಕಡೆ ಗದ್ದದಿಂದಲೇ ತೋರಿಸಿದಳು. ಭಾನುವಾರದ ಸಾಲಿನಲ್ಲಿ 'ಸಂದೇಶ'ವನ್ನು ಹೊಡೆದು ಹಾಕಿ, ಸೀಮೆಸುಣ್ಣದಲ್ಲಿ ಬರೆದಿತ್ತು:

'ಸಂಸ್ಥಾಪಕರ ಸ್ನಾನ. ಬಕೆಟ್ ಖಾಲಿ ಇದ್ದರೆ.'