ಮಾವನ ಗಾಡಿಗೆ ನಾನು ಹಾಕಿದ ಎಣ್ಣೆ

"ಇನ್ನು ಮೇಲೆ ಈ ಮನೆಯ ಮೋಟಾರ್ ಸೈಕಲ್ಲಿಗೆ ಎಣ್ಣೆ ಬದಲಾಯಿಸೋನು ನಾನೇ!" ಎಂದು ಒಂದು ಶುಕ್ರವಾರ ಸಂಜೆ ಘೋಷಿಸಿದೆ. ಸಿಂಹಾಸನ ಇರಲಿಲ್ಲ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಘೋಷಿಸಿದೆ.

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಓಡಿಸೋಕೇ ಬರಲ್ಲ, ಎಣ್ಣೆ ಹಾಕ್ತೀರಾ?"

"ಹಾಲು ಕರೆಯೋನು ಹಸು ಮೇಲೆ ಕೂತು ಸವಾರಿ ಮಾಡ್ಬೇಕು ಅಂತ ಎಲ್ಲಿದೆ?"

"ಒದೆ ತಿಂದಾಗ ಗೊತ್ತಾಗುತ್ತೆ ಬಿಡಿ."

ಹೌದು, ನನಗೆ ಗಾಡಿ ಓಡಿಸಲು ಬರುವುದಿಲ್ಲ. ಲೈಸೆನ್ಸಿನ ಪರೀಕ್ಷೆಗೆ ಮೂರು ಸಲ ಹೋಗಿ, ಮೂರು ಸಲವೂ ಎಂಟರ ಆಕಾರದಲ್ಲಿ ಹೋಗಬೇಕಾದಲ್ಲಿ ಸೊನ್ನೆಯ ಆಕಾರದಲ್ಲಿ ಬಿದ್ದಿದ್ದೇನೆ. ಆದ್ದರಿಂದ ನಮ್ಮ ಮನೆಯಲ್ಲಿ ಹೆಂಡತಿ ಮೋಟಾರ್ ಸೈಕಲ್ ಓಡಿಸುತ್ತಾಳೆ, ನಾನು ಸೈಕಲ್ ತುಳಿಯುತ್ತೇನೆ. ಆ ಮೋಟಾರ್ ಸೈಕಲ್ ನನ್ನ ಮಾವನದು. ಮಾವ ಗುಡ್ಡದ ಮೇಲಿನ ನೀರಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಪಂಪು ನಡೆಸಿದವರು. ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ನನ್ನನ್ನು ಅವರು ಎಂದೂ ಒಂದು ಮಾತು ಅಂದವರಲ್ಲ. ಆದರೆ ನಾನು ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡರೆ ಸಾಕು, ಮೆಲ್ಲಗೆ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಹನ್ನೆರಡು ವರ್ಷದಿಂದ ಹೀಗೇ ನಿಂತಿದ್ದಾರೆ. ಆ ನಿಲ್ಲುವಿಕೆಯೇ ನನ್ನನ್ನು ಚುಚ್ಚುತ್ತಿತ್ತು.

ಈ ಸಲ ಅವಕಾಶ ತಾನಾಗಿ ಬಂತು. ಮಾವನ ಹಳೆಯ ಪಂಪನ್ನು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಲ್ಲಿಸಿ, ತಾನೇ ಓಡುವ ಹೊಸ ಪಂಪು ಶುರುಮಾಡುತ್ತಾರಂತೆ. ಪಂಪ್‌ಹೌಸಿನ ಎಂಜಿನಿಯರಮ್ಮ ಮನೆಗೇ ಬಂದು, "ಕೊನೇ ಸಲ ನೀವೇ ನಿಲ್ಲಿಸ್ಬೇಕು ಸಾರ್" ಎಂದು ಕರೆದಿದ್ದರು. ಮಾವ ಆ ದಿನದಿಂದ ಬಿಳಿ ಅಂಗಿಯನ್ನು ತಾವೇ ಎರಡು ಸಲ ಇಸ್ತ್ರಿ ಮಾಡಿದ್ದರು. "ಹೋದ್ರೆ ನನ್ನ ಗಾಡೀಲೇ ಹೋಗೋದು. ಡ್ಯೂಟಿಗೆ ಯಾವತ್ತೂ ಬೇರೆ ಗಾಡೀಲಿ ಹೋಗಿಲ್ಲ" ಎಂದೂ ಹೇಳಿಬಿಟ್ಟರು. ಗಾಡಿಯ ಎಣ್ಣೆ ಡಾಂಬರಿನಂತಾಗಿತ್ತು. ಮೆಕ್ಯಾನಿಕ್ ಮಗಳ ಬಾಣಂತನಕ್ಕೆಂದು ಅಂಗಡಿಗೆ ಬೀಗ ಹಾಕಿಕೊಂಡು ಹೋಗಿದ್ದ. ಉಳಿದವನು ನಾನೊಬ್ಬನೇ!

ನಾನು ವೃತ್ತಿಯಲ್ಲಿ ಕರಡು ತಿದ್ದುವವನು. ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷದ ಸರ್ವಿಸು. ಪುಟ ನೋಡಿ ಮುಗಿಸಿದ ಮೇಲೆ ಕೆಳಗೆ ಕೆಂಪು ಶಾಯಿಯಲ್ಲಿ ತಾರೀಖು ಬರೆದು ಸಹಿ ಹಾಕದಿದ್ದರೆ ನನ್ನ ಕೈ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಹೆಂಡತಿ ಕೊಟ್ಟ ದಿನಸಿ ಚೀಟಿಗೂ ಒಮ್ಮೆ ಸಹಿ ಹಾಕಿ, ಸಾಮಾನು ತರದೆ ಚೀಟಿಯನ್ನು ವಾಪಸು ಕೊಟ್ಟಿದ್ದೆ. ಇಂಥವನಿಗೆ ಗಾಡಿಯ ಕೈಪಿಡಿ ಯಾವ ಲೆಕ್ಕ? ಅದೇ ಶುಕ್ರವಾರ ಎರಡು ಗಂಟೆ ಕೂತು ರಟ್ಟಿನಿಂದ ರಟ್ಟಿಗೆ ನೋಡಿದೆ. ಹದಿನೇಳು ಅಚ್ಚಿನ ತಪ್ಪು ಸಿಕ್ಕವು. ಅದೇನು ಆನಂದ!

ಮರುದಿನ ಎಣ್ಣೆ ಅಂಗಡಿಗೆ ಹೋದೆ. ಅಂಗಡಿಯಾತ ಕೇಳಿದ: "ಕಾರಿಗಾ, ಬೈಕಿಗಾ?"

"ಎರಡಕ್ಕೂ ಬೇರೆ ಬೇರೆನಾ?"

"ಬೇರೆನೇ. ಬೈಕಿಗೆ ಇದು, ಕಾರಿಗೆ ಅದು."

ಬೈಕಿನ ಡಬ್ಬಿ ಸಾದಾ ಸೀದಾ. ಕಾರಿನದೋ ಬಂಗಾರದ ಬಣ್ಣ, ಹಿಡಿಯಲು ಹಿಡಿಕೆ ಬೇರೆ! ಅಷ್ಟು ದೊಡ್ಡ ಕಾರನ್ನೇ ಸಾಕುವ ಎಣ್ಣೆ ಒಂದು ಬಡಪಾಯಿ ಮೋಟಾರ್ ಸೈಕಲ್ಲಿಗೆ ಸಾಲದೇ? ಮಾವನ ಕೊನೆಯ ಡ್ಯೂಟಿಗೆ ಕಡಿಮೆ ದರ್ಜೆಯದು ಹಾಕುವುದೇ? "ಕಾರಿಂದೇ ಕೊಡಿ" ಎಂದೆ, ಕಾರಿನ ಮಾಲೀಕನ ಗತ್ತಿನಲ್ಲಿ. ಆತ ಮತ್ತೇನೂ ಕೇಳಲಿಲ್ಲ.

ಹಳೆಯ ಎಣ್ಣೆ ಇಳಿಸಿ ಹೊಸದನ್ನು ಸುರಿಯುವಾಗ ಮಾವ ಎಂದಿನಂತೆ ಬಂದು ನಿಂತರು.

"ಎಣ್ಣೆ ಯಾವುದು ಅಳಿಯಂದ್ರೇ?"

"ಇರೋದ್ರಲ್ಲೇ ಒಳ್ಳೇದು ಮಾವ!"

"ಪುಸ್ತಕ ನೋಡಿದ್ರಾ?"

"ಮೊದಲ್ನೇ ಪುಟದಿಂದ ಕೊನೇ ಪುಟದವರೆಗೆ!"

ಮಾವ ತಲೆಯಾಡಿಸಿ ಒಳಗೆ ಹೋದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ನಂಬಿ ಒಳಗೆ ಹೋದರು! ಆ ಹುರುಪಿನಲ್ಲೇ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಹಿಂದಿನ ಚಕ್ರದ ಸರಪಳಿಗೆ ಧಾರಾಳವಾಗಿ ಸುರಿದೆ. ಸರಪಳಿ ಮಿರಮಿರ ಮಿಂಚಿತು. ಹೆಂಡತಿ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಪರವಾಗಿಲ್ವೇ!" ಎಂದಳು. ನಮ್ಮ ಬೀದಿ ಅಂಗೈಯಷ್ಟು ಸಮತಟ್ಟು.

ಸೋಮವಾರ ಹತ್ತು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಹೆಂಡತಿ, ಹಿಂದಿನ ಸೀಟಿನಲ್ಲಿ ಬಿಳಿ ಅಂಗಿಯ ಮಾವ, ಅವರ ಹಿಂದೆ ಸೈಕಲ್ಲಿನಲ್ಲಿ ನಾನು. ಗಾಡಿ ಕಣ್ಮರೆಯಾಯಿತು. ಗುಡ್ಡದ ಏರು ಶುರುವಾಗಿ ಎರಡನೇ ತಿರುವಿಗೆ ಬಂದಾಗ ಮತ್ತೆ ಕಣ್ಣಿಗೆ ಬಿತ್ತು. ಎಂಜಿನ್ನು ಭೋರೆಂದು ಆಕಾಶಕ್ಕೆ ಕೇಳುವಂತೆ ಅರಚುತ್ತಿದೆ, ಗಾಡಿ ಮಾತ್ರ ಆಮೆಯ ಹಾಗೆ ಹರಿಯುತ್ತಿದೆ. ನೋಡನೋಡುತ್ತ ನಾನು ಸೈಕಲ್ಲಿನಲ್ಲಿ ಅದನ್ನು ಹಿಂದೆ ಹಾಕಿದೆ! ಜೀವಮಾನದಲ್ಲಿ ನಾನು ಹಿಂದೆ ಹಾಕಿದ ಒಂದೇ ಒಂದು ಮೋಟಾರ್ ಸೈಕಲ್ ಅದು.

"ಏನ್ರೀ ಹಾಕಿದ್ರಿ ಇದಕ್ಕೆ?" ಹೆಂಡತಿ ಕೂಗಿದಳು. ಗಾಡಿ ನಿಂತೇಬಿಟ್ಟಿತು.

"ಕಾರಿಗೆ ಹಾಕೋ ಎಣ್ಣೆ..." ಎಂದೆ, ಕಾರಿನ ಗತ್ತು ಸ್ವಲ್ಪವೂ ಇಲ್ಲದೆ.

ಮಾವ ಬೈಯಲಿಲ್ಲ. ಇಳಿದು, ಎಂಜಿನ್ನಿನ ಪಕ್ಕ ಕೈಯಿಟ್ಟು, "ಇದರಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಎಲ್ಲಾ ಒಂದೇ ಎಣ್ಣೇಲಿ ಮುಳುಗಿರ್ತವೆ ಅಳಿಯಂದ್ರೇ. ಎಂಜಿನ್ನಿಗೆ ಜಾರಬೇಕು, ಕ್ಲಚ್ಚಿಗೆ ಹಿಡೀಬೇಕು. ಕಾರಿನ ಎಣ್ಣೆಗೆ ಜಾರೋದೊಂದೇ ಗೊತ್ತು" ಎಂದರು. ಆಮೇಲೆ ವಾಚು ನೋಡಿಕೊಂಡರು. ಹತ್ತೂ ಮುಕ್ಕಾಲು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಮೂವತ್ತೊಂದು ವರ್ಷ ಒಂದು ದಿನವೂ ತಡವಾಗಿ ಹೋಗದ ಮನುಷ್ಯ!

"ಮಾವ, ಸೈಕಲ್ ಹತ್ತಿ!" ಎಂದೆ.

ಕ್ಯಾರಿಯರ್ ಮೇಲೆ ಮಾವ ಕೂತರು. ನಾನು ಹ್ಯಾಂಡಲ್ ಹಿಡಿದು ಎಳೆದೆ, ಹೆಂಡತಿ ಗಾಡಿಯನ್ನು ಅಲ್ಲೇ ಬಿಟ್ಟು ಹಿಂದಿನಿಂದ ತಳ್ಳಿದಳು. ಎಣ್ಣೆಯ ಮಹಾಪಂಡಿತನಾದ ನಾನು ನನ್ನ ಸೈಕಲ್ಲಿಗೆ ಎರಡು ವರ್ಷದಿಂದ ಒಂದು ಹನಿ ಎಣ್ಣೆ ಬಿಟ್ಟಿರಲಿಲ್ಲ. ಅದು ದಾರಿಯುದ್ದಕ್ಕೂ ಕಿರ್ರೋ ಎಂದು ನನ್ನ ಮಾನ ಹರಾಜು ಹಾಕುತ್ತಾ ಬಂತು. ನಡುವೆ ಹೆಂಡತಿ "ಅಯ್ಯೋ!" ಎಂದಳು. ಮಾವನ ಬಿಳಿ ಅಂಗಿಯ ಬೆನ್ನ ತುಂಬಾ ಕಪ್ಪು ಚುಕ್ಕೆಗಳು! ನಾನು ಧಾರಾಳವಾಗಿ ಸುರಿದ ಎಣ್ಣೆಯನ್ನು ಸರಪಳಿ ಅಷ್ಟೇ ಧಾರಾಳವಾಗಿ ಎರಚಿತ್ತು. ಒರೆಸಹೋಗಿ ನನ್ನ ಅಂಗೈಗೂ ಬಳಿದುಕೊಂಡೆ.

"ಸರಪಳಿಗೆ ನಾಲ್ಕು ಹನಿ ಬಿಟ್ಟು ಒರೆಸ್ಬೇಕು, ಅಭಿಷೇಕ ಮಾಡೋದಲ್ಲ" ಎಂದರು ಮಾವ, ತಿರುಗಿ ನೋಡದೆ.

ಕೊನೆಯ ತಿರುವಿನಲ್ಲಿ ಅವರು ಕೈಯೆತ್ತಿ, "ನಿಲ್ಸಿ" ಎಂದರು. ಸೈಕಲ್ಲಿನ ಕಿರಿಕಿರಿ ನಿಂತಿತು. ಗಂಟೆ ಹನ್ನೊಂದು ಮೀರಿತ್ತು. ಮೇಲಿನಿಂದ ದಡ್ ದಡ್ ಎಂಬ ಸದ್ದು ನಿಧಾನವಾಗಿ ಬರುತ್ತಿತ್ತು.

"ಇನ್ನೂ ಓಡ್ತಿದೆ" ಎಂದರು. ಅವರ ದನಿ ಒಡೆದಿತ್ತು. ನನ್ನದೂ ಒಡೆಯುತ್ತಿತ್ತು, ಆದರೆ ಉಸಿರೇ ಇರಲಿಲ್ಲ.

ಎಂಜಿನಿಯರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ನಿಮ್ಮ ಕೈ ಇಲ್ದೆ ಹೇಗೆ ನಿಲ್ಸೋದು ಸಾರ್?" ಬೆನ್ನಿನ ಕಲೆ ನೋಡಿ ಒರೆಸಲು ಬಟ್ಟೆ ತರಿಸಹೋದರು. ಮಾವ ಬೇಡವೆಂದರು: "ಇರಲಿ ಬಿಡಿ. ಎಣ್ಣೆ ಕಲೆ ಇಲ್ದೆ ನಾನು ಈ ಬಾಗಿಲು ದಾಟಿದ್ದೇ ಇಲ್ಲ."

ಒಳಗೆ ಹೋದವರು ಸ್ವಿಚ್ಚಿನ ಕಡೆ ಹೋಗಲಿಲ್ಲ. ಗೂಡಿನಲ್ಲಿದ್ದ ಉದ್ದ ಮೂತಿಯ ಎಣ್ಣೆಬುಡ್ಡಿಯನ್ನು ಕಣ್ಣು ಹಾಯಿಸದೆಯೇ ಕೈಗೆ ತೆಗೆದುಕೊಂಡರು. ಪಂಪಿನ ಬೇರಿಂಗಿನ ಮೇಲೆ ಅಂಗೈಯಿಟ್ಟು ನೋಡಿದರು. ಎರಡು ಹನಿ ಬಿಟ್ಟರು.

"ಇನ್ನೊಂದು ನಿಮಿಷಕ್ಕೆ ನಿಲ್ಲೋದಕ್ಕೆ ಎಣ್ಣೆ ಯಾಕೆ ಅಪ್ಪಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಇಷ್ಟು ದಿನ ದುಡಿದಿದೆ. ಒಣಗಿಕೊಂಡು ನಿಲ್ಲಬಾರದು ಮಗಳೇ."

ಆಮೇಲೆ ನಿಲ್ಲಿಸಿದರು. ಸದ್ದು ಇಳಿದು, ಇಳಿದು, ಇಲ್ಲವಾಯಿತು. ಎರಡು ಲೀಟರ್ ಸುರಿದು ನನಗೆ ತಿಳಿಯದ್ದನ್ನು ಈ ಮನುಷ್ಯ ಎರಡು ಹನಿಯಲ್ಲಿ ಹೇಳಿದರಲ್ಲ ಎಂದುಕೊಂಡೆ. ಕಣ್ಣೊರೆಸಿಕೊಂಡು ನೋಡಿದರೆ ಕೈಯ ಎಣ್ಣೆಯೆಲ್ಲ ಮುಖಕ್ಕೆ ಬಳಿದುಕೊಂಡಿದ್ದೆ.

ಇಳಿಯುವಾಗ ಗಾಡಿಯ ಬಳಿ ನಿಂತೆವು. ಹೆಂಡತಿ ಪಕ್ಕದ ಪೆಟ್ಟಿಗೆಯಿಂದ ಕೈಪಿಡಿ ತೆಗೆದು ಪುಟ ತಿರುವಿ, ಒಂದು ಪುಟದಲ್ಲಿ ಬೆರಳಿಟ್ಟು, ಗಟ್ಟಿಯಾಗಿ ಓದಿದಳು: "ಎಚ್ಚರಿಕೆ. ಕಾರಿನ ಎಂಜಿನ್ ಎಣ್ಣೆಯನ್ನು ಈ ವಾಹನಕ್ಕೆ ಯಾವ ಕಾರಣಕ್ಕೂ ಹಾಕಬಾರದು. ಕ್ಲಚ್ ಜಾರುತ್ತದೆ."

ನಾನು ರೇಗಿದೆ. "ಅಷ್ಟು ಮುಖ್ಯವಾದದ್ದನ್ನ ಯಾವುದೋ ಮೂಲೇಲಿ ಹಾಕಿದ್ರೆ ಯಾರ ಕಣ್ಣಿಗೆ ಬೀಳುತ್ತೆ ಹೇಳು!"

ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು.

ಆ ಸಾಲಿನ ಕೆಳಗೆ, ಕೆಂಪು ಶಾಯಿಯಲ್ಲಿ, ನನ್ನದೇ ದುಂಡನೆಯ ಅಕ್ಷರದಲ್ಲಿ, ಶುಕ್ರವಾರದ ತಾರೀಖಿನ ಜೊತೆ ಸಹಿ ಇತ್ತು: "ಓದಿದೆ. ಸರಿಯಾಗಿದೆ."