ಹೆಣ್ಣು ಕೇಳಲು ಬಂದವರು ಗೋಡೆ ನೋಡಿದ್ದು

ಬುಖಾರಾದ ಹಳೇ ಪೇಟೆಯಲ್ಲಿ ಅಂಚೆ ಗುಮಾಸ್ತ ಹಮ್ರಾಕುಲನ ಮನೆಗೆ ಅಂದು ಮಧ್ಯಾಹ್ನ ಹೆಣ್ಣು ಕೇಳುವವರು ಬರುವವರಿದ್ದರು. ಬೆಳಿಗ್ಗೆಯೇ ಹಮ್ರಾಕುಲ ಜಮಖಾನೆಯ ಅಂಚಿಗೆ ಎಡವಿ, ಅತಿಥಿಗಳ ಕೋಣೆಯ ಎದುರುಗೋಡೆಗೆ ಒಂದು ಕೆಟಲು ಚಹಾದ ಅಭಿಷೇಕ ಮಾಡಿಬಿಟ್ಟ.

ಹುಡುಗ, ಮಗಳು ಮೊಹಿರಾ ಕೆಲಸ ಮಾಡುವ ಔಷಧಿ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಇಬ್ಬರೂ ಒಪ್ಪಿಯಾಗಿತ್ತು, ಹಿರಿಯರು ಒಪ್ಪುವುದಷ್ಟೇ ಬಾಕಿ. ಬಂದವರು ತಾವು ತಂದ ಬಟ್ಟೆಗಂಟು ಬಿಚ್ಚಿ ಒಳಗಿನ ರೊಟ್ಟಿ ಮುರಿದರೆ ಮದುವೆ ಗಟ್ಟಿ; ಗಂಟು ಬಿಚ್ಚದೆ ಎದ್ದರೆ ಅಲ್ಲಿಗೆ ಮುಗಿಯಿತು.

"ಗೋಡೆ ಹಿಂಗಿದ್ರೆ ಅವ್ರು ರೊಟ್ಟಿ ಮುರಿದ ಹಾಗೇ ಬಿಡಿ" ಎಂದಳು ಹೆಂಡತಿ ಸವ್ರಿನಿಸೊ.

ಹಮ್ರಾಕುಲ ಹಿಂದೆ ಅದೇ ಗೋಡೆಗೆ ಹಚ್ಚಿ ಅಟ್ಟದಲ್ಲಿ ಉಳಿದಿದ್ದ ಹಸಿರು ಬಣ್ಣ ಹುಡುಕಿ ತಂದ. ಹಚ್ಚಲು ಕುಂಚ ಬೇಕೆಂದು ಪಕ್ಕದ ಮನೆಯ ಕ್ಷೌರಿಕ ಜಾಕಿರಣ್ಣನ ಬಾಗಿಲು ತಟ್ಟಿದ. ತಪ್ಪಿದ್ದು ಅಲ್ಲೇ. ಆ ಪೇಟೆಯಲ್ಲಿ ಒಬ್ಬರ ಮನೆ ಕೆಲಸಕ್ಕೆ ಬೀದಿಯೇ ಕೈಜೋಡಿಸುವುದು ವಾಡಿಕೆ. ಕೈಗಿಂತ ಮೊದಲು ಬಾಯಿ ಜೋಡಿಸುತ್ತಾರೆ, ಅಷ್ಟೇ.

"ಹಸಿರು ಆಸ್ಪತ್ರೆ ಬಣ್ಣ ಕಣೋ. ನೀಲಿ ಹಚ್ಚು, ಎಂಥಾ ಬಿಸಿಲಿಗೂ ಕೋಣೆ ತಣ್ಣಗಿರುತ್ತೆ" ಎಂದ ಜಾಕಿರಣ್ಣ, ತನ್ನ ಅಂಗಡಿಗೆ ಹಚ್ಚಿ ಉಳಿದಿದ್ದ ನೀಲಿ ತಂದು ತಟ್ಟೆಯಗಲ ಬಳಿದು ತೋರಿಸಿದ.

ಬೀದಿಗೆಲ್ಲ ರೊಟ್ಟಿ ಸುಡುವ ಓಯ್ದಿನಮ್ಮ ಸುಮ್ಮನಿರುತ್ತಾಳೆಯೇ? "ನೀಲಿ ಮುಂದೆ ಕೂರಿಸಿದ್ರೆ ಹುಡುಗಿ ನಾಲ್ಕು ದಿನ ಜ್ವರ ಮಲಗಿ ಎದ್ದೋಳ ಹಾಗೆ ಕಾಣ್ತಾಳೆ. ಗುಲಾಬಿ ಹಚ್ಚಿ, ಕೆನ್ನೆ ಕೆಂಪಗೆ ಕಾಣುತ್ತೆ." ಅವಳೂ ಒಂದು ತಟ್ಟೆಯಗಲ ಬಳಿದಳು. ಯಾರೋ ಹಳದಿ ತಂದರು. ಗಂಟೆಯೊಳಗೆ ಗೋಡೆ ಕೌದಿಯಂತಾಯಿತು. ಒಂದೊಂದು ಬಣ್ಣವೂ ಪಕ್ಕದ್ದರ ಜುಟ್ಟು ಹಿಡಿದು ಎಳೆಯುತ್ತಿತ್ತು.

"ಎಲ್ಲಾ ಕೆರೆದು ಬಿಳೀ ಸುಣ್ಣ ಹೊಡೀರಿ, ನಿಮ್ಮ ದಮ್ಮಯ್ಯ" ಎಂದಳು ಸವ್ರಿನಿಸೊ; ಅಳುವುದೊಂದು ಬಾಕಿ.

ಜಾಕಿರಣ್ಣ ಕರಣೆ ತಂದು ಒಂದೇಟು ಎಳೆದ. ಬಾಗಿಲಗಲದ ಸುಣ್ಣದ ಚಕ್ಕೆ ಕಳಚಿ ದೊಪ್ಪನೆ ಬಿತ್ತು. ಧೂಳು ಇಳಿದಾಗ ಕರಣೆ ಅವನ ಕೈಯಲ್ಲೇ ನಿಂತಿತು.

ಒಳಗೆ ಇನ್ನೊಂದು ಗೋಡೆ ಇತ್ತು. ಸಂಜೆಗತ್ತಲು ಕವಿಯುವ ಮುಂಚಿನ ಆಕಾಶದ ನೀಲಿ, ಅದರ ಮೇಲೆ ಸಾಲು ಸೈಪ್ರೆಸ್ ಮರಗಳು, ಬಿರಿದ ದಾಳಿಂಬೆಗಳು, ಎಲೆಗಳ ಅಂಚಿಗೆ ಚಿನ್ನದ ಗೆರೆ. ಯಾರೂ ಹೇಳದಿದ್ದರೂ ಎಲ್ಲರೂ ಕೂತರು, ಮರದ ಸೌಟಿನ ಹಿಡಿಯಿಂದ ಸುಣ್ಣ ಬಿಡಿಸತೊಡಗಿದರು. ಬಿಡಿಸಿದಷ್ಟೂ ತೋಟ ಬೆಳೆಯಿತು. ಆ ಬೀದಿಯಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದೆ ಇದ್ದದ್ದು ಅದೇ ಮೊದಲು. ಹಮ್ರಾಕುಲನಿಗೆ ಎದೆ ತುಂಬಿ ಬಂತು. ನಲವತ್ತೆಂಟು ವರ್ಷ ಇದಕ್ಕೆ ಬೆನ್ನು ಒರಗಿಸಿಕೊಂಡು ಚಹಾ ಕುಡಿದಿದ್ದ.

"ಕೆಂಪಿನ ಪಕ್ಕದಲ್ಲೇ ಹಸಿರು ಇಟ್ಟವ್ನೆ ನೋಡು" ಎಂದ ಜಾಕಿರಣ್ಣ, ಮಸೀದಿಯಲ್ಲಿ ಮಾತಾಡುವವನ ಹಾಗೆ. "ನಡುವೆ ಕೂದಲೆಳೆಯಷ್ಟು ಬಿಳಿ ಬಿಟ್ಟವ್ನೆ. ಅದಕ್ಕೇ ಜಗಳ ಇಲ್ಲ."

"ನನ್ನ ಗುಲಾಬಿನೂ ಇದೆ" ಎಂದಳು ಓಯ್ದಿನಮ್ಮ ಮೆಲ್ಲಗೆ. "ಹೂವಿನ ಹೊಟ್ಟೇಲಿ, ಸಾಸಿವೆಯಷ್ಟು. ಅಷ್ಟೇ ಸಾಕಿತ್ತು."

ಕಸ ಗುಡಿಸಿ ಮುಗಿಸುವಷ್ಟರಲ್ಲಿ ಹುಡುಗನ ಅಜ್ಜಿಯೂ ತಾಯಿಯೂ ಗಂಟು ಹಿಡಿದು ಬಂದರು. ಒಳಗೆ ಕಾಲಿಟ್ಟ ಅಜ್ಜಿ ಹೊಸ್ತಿಲಲ್ಲೇ ನಿಂತಳು. ಕೈ ತಾನಾಗಿ ಎದೆಗೆ ಹೋಯಿತು. ಹಮ್ರಾಕುಲ ಮನಸ್ಸಿನಲ್ಲೇ ಮದುವೆಯ ಪಲಾವ್‌ಗೆ ಅಕ್ಕಿ ಅಳೆಯತೊಡಗಿದ.

ಹುಡುಗಿಯ ತೂಕ ಇನ್ನಷ್ಟು ಏರಲೆಂದು ಓಯ್ದಿನಮ್ಮ ನಡುವೆ ಬಾಯಿ ಹಾಕಿದಳು. "ಇವರ ಮುತ್ತಾತನ ಕಾಲದಿಂದ್ಲೂ ಹೀಗೇ ತಾಯಿ. ಮೊಹಿರಾ ಕಣ್ಣು ಬಿಟ್ಟಾಗಿನಿಂದ ನೋಡ್ತಿರೋದು ಇದನ್ನೇ."

ಅಜ್ಜಿ ಬಹಳ ಹೊತ್ತು ಗೋಡೆ ನೋಡಿದಳು. ಆಮೇಲೆ ನಿಟ್ಟುಸಿರಿಟ್ಟಳು. "ನಮ್ದು ಎರಡು ಕೋಣೆ ಮನೆ. ಸೊಂಟದವರೆಗೆ ಎಣ್ಣೆಬಣ್ಣ, ಮೇಲೆ ಸುಣ್ಣ. ಇದನ್ನ ನೋಡ್ಕೊಂಡು ಬೆಳೆದ ಹುಡುಗಿ ಅಲ್ಲಿ ಏನು ನೋಡ್ಕೊಂಡು ಬಾಳಬೇಕು? ನಮ್ಮ ಯೋಗ್ಯತೆ ತಿಳೀದೆ ಬಂದ್ವಿ, ಕ್ಷಮಿಸಿ."

ಹಮ್ರಾಕುಲ ಬಾಗಿಲಿಗೆ ಅಡ್ಡ ಬಂದ. "ಅಮ್ಮಾ, ನಾನು ಬರೀ ಅಂಚೆ ಗುಮಾಸ್ತ. ಬೆಳಿಗ್ಗೆವರೆಗೂ ಇದು ಹಸಿರು ಗೋಡೆ. ಚಹಾ ಚೆಲ್ಲಿದ್ದಕ್ಕೆ ಹೀಗಾಯ್ತು. ಇವ್ರನ್ನ ಬೇಕಾದ್ರೆ ಕೇಳಿ."

ಅಜ್ಜಿ ಸೊಸೆಯತ್ತ ತಿರುಗಿದಳು. "ನೋಡಿದ್ಯಾ, ದೊಡ್ಡ ಮನೆತನದೋರು ಅಂದ್ರೆ ಇವ್ರು. ಚೂರೂ ಜಂಬ ಇಲ್ಲ."

ಇಬ್ಬರೂ ಬಿಚ್ಚದ ಗಂಟನ್ನು ಎದೆಗೊತ್ತಿಕೊಂಡು, ಗೋಡೆಗೆ ಬೆನ್ನು ತೋರಿಸದೆ ಹಿಂದಡಿ ಇಡುತ್ತಾ ಬಾಗಿಲು ದಾಟಿದರು. ಮೊಹಿರಾ ಅಡುಗೆಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ನೆರೆಯವರು ಒಬ್ಬೊಬ್ಬರಾಗಿ ಕರಗಿದರು.

ಹಮ್ರಾಕುಲ ಸುಣ್ಣದ ಬಕೆಟ್ಟು ಎಳೆದುಕೊಂಡು ಕುಂಚ ಅದ್ದಿದ. ಅಷ್ಟರಲ್ಲಿ ಬಾಗಿಲಿನಿಂದ ಇಳಿಬಿಸಿಲು ಬಂದು ದಾಳಿಂಬೆಗಳ ಮೇಲೆ ಕೂತಿತು. ಅವನ ಕೈ ಮೇಲೇಳಲಿಲ್ಲ. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ಕಣ್ಣು ತುಂಬಿತು.

"ಇಂಥದ್ದರ ಮೇಲೆ ಸುಣ್ಣ ಹೊಡೆಸೋಕೆ ಯಾರಿಗಪ್ಪಾ ಮನಸ್ಸು ಬಂತು?" ಎಂದಳು ಸವ್ರಿನಿಸೊ.

"ತಾತನೇ ಇರಬೇಕು. ಅಪ್ಪ ಹುಡುಗ ಆಗಿದ್ದಾಗ್ಲೇ ಗೋಡೆ ಬಿಳಿ ಇತ್ತಂತೆ."

"ಅವರಿಗೆ ಹೆಣ್ಣುಮಕ್ಕಳು ಎಷ್ಟು?"

ಹಮ್ರಾಕುಲ ಕುಂಚ ಕೆಳಗಿಟ್ಟ. "ಐದು" ಎಂದ. "ಐದು ಜನಕ್ಕೂ ಬೇಗ ಮದುವೆ ಆಯ್ತು."